ಅರ್ಗಿರೋ ಎತ್ತರದ ನೂಲು

ಲೆಮೊನಿಯಾ ನೂಲಿನ ತುದಿಯನ್ನು ತಾಯಿಯ ನೆತ್ತಿಗೆ ಒತ್ತಿ ಹಿಡಿದು ಉಂಡೆಯನ್ನು ಪಾದದ ಕಡೆಗೆ ಉರುಳಿಸಿದಳು. ಉಂಡೆ ಹೊದಿಕೆಯ ಮೇಲೆ ಉರುಳಿ ಮಂಡಿಯ ಹತ್ತಿರ ನಿಂತುಬಿಟ್ಟಿತು. ಅಲ್ಲಿಂದ ಮುಂದಕ್ಕೆ ಎಳೆದು ಹಿಮ್ಮಡಿಗೆ ಮುಟ್ಟಿಸುವವರು ಯಾರೂ ಇರಲಿಲ್ಲ. ನಾಕ್ಸೋಸ್ ದ್ವೀಪದ ವೊರಿನಿ ಊರಿನಲ್ಲಿ ಸತ್ತವರನ್ನು ಅಳೆಯುವಾಗ ತಲೆಯ ಕಡೆ ಹೊಟ್ಟೆಯಲ್ಲಿ ಹುಟ್ಟಿದವರು ನಿಲ್ಲಬೇಕು, ಕಾಲಿನ ಕಡೆ ಕೈಹಿಡಿದವರು.

“ಮಗ್ಗದ ಗೂಟಕ್ಕೆ ಕಟ್ಬಿಡೋಣ,” ಎಂದಳು ಲೆಮೊನಿಯಾ. “ಗಂಡ ಸತ್ತೋರಿಗೆ ಹಾಗೇ ತಾನೇ ಮಾಡೋದು?”

ಕಿಟಕಿಯ ಪಕ್ಕ ಕೂತಿದ್ದ ಸೆವಸ್ತಿ ಕಾಫಿ ಬಟ್ಟಲನ್ನು ಕೆಳಗಿಟ್ಟಳು. ಎಂಬತ್ತು ದಾಟಿದ ಮುದುಕಿ, ಸತ್ತ ಅರ್ಗಿರೋಳ ಗೆಳತಿ, ಊರಿನಲ್ಲಿ ಯಾರು ಹೋದರೂ ಶೋಕದ ಹಾಡು ಎತ್ತಿಕೊಡುವವಳು. ಬೆಳಗಿನಿಂದ ಹಾಡಿ ಗಂಟಲು ಒಡೆದಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

“ನಿಮ್ಮಮ್ಮನ ಗಂಡ ಯಾವಾಗ ಸತ್ತ? ನಂಗ್ಯಾರೂ ಹೇಳ್ಲೇ ಇಲ್ಲ.”

“ನನ್ನ ಪಾಲಿಗೆ ಸತ್ತು ನಲವತ್ತೆರಡು ವರ್ಷ ಆಯ್ತು.”

“ನಿನ್ನ ಪಾಲಿಗೆ. ನೂಲು ನಿಂದಲ್ಲ ಕಣೇ, ಅವಳದು. ಉಂಡೆ ಸುತ್ತಿಡು. ಮಧ್ಯಾಹ್ನದ ಬಸ್ಸಿಗೆ ಬರ್ತಾನೆ ಸ್ಟಮಾಟಿಸ್. ನಿನ್ನೆ ಪಿರೇಯಸ್ಸಿಗೆ ನಾನೇ ಫೋನ್ ಮಾಡ್ಸಿದೆ.”

ಗೋಡೆಯುದ್ದಕ್ಕೂ ಕಪ್ಪುಟ್ಟು ಕೂತಿದ್ದ ಹೆಂಗಸರೆಲ್ಲ ಒಮ್ಮೆಲೇ ತಮ್ಮ ತಮ್ಮ ಬಟ್ಟಲಿನ ಗಸಿ ನೋಡತೊಡಗಿದರು. ಲೆಮೊನಿಯಾ ದನಿ ಎತ್ತುವವಳಲ್ಲ. ಆ ಮನುಷ್ಯ ಈ ಹೊಸ್ತಿಲು ದಾಟಕೂಡದು, ದಾಟಿದರೆ ತಾನು ಹೊರಗೆ ಹೋಗಿ ನಿಲ್ಲುತ್ತೇನೆ ಎಂದಷ್ಟೇ ಹೇಳಿದಳು. ಹೊರಗೆ ಮಾರ್ಚ್ ತಿಂಗಳ ಉತ್ತರದ ಗಾಳಿ ಬಾಗಿಲು ಬಡಿಯುತ್ತಿತ್ತು. ಈ ಗಾಳಿಗೆ ಅವನ ಹಡಗು ದಡ ಮುಟ್ಟದಿರಲಿ ಎಂದು ಅವಳು ಮನಸ್ಸಿನಲ್ಲೇ ಹರಕೆ ಹೊತ್ತಳು. ತಾಯಿಯ ಹೆಣದ ಮುಂದೆ ನಿಂತು ಹೊರುವ ಹರಕೆಯೇ ಅದು? ಆದರೆ ಹೊತ್ತಳು.

ಅಳೆದ ನೂಲನ್ನು ಜೇನುಮೇಣದಲ್ಲಿ ಅದ್ದಿ, ಹಾವಿನ ಹಾಗೆ ಸುರುಳಿ ಸುತ್ತಿ, ಸ್ಮಶಾನದಿಂದ ಬಂದಮೇಲೆ ಹೆಣವಿದ್ದ ಜಾಗದಲ್ಲಿಟ್ಟು ಹಚ್ಚಬೇಕು. ಸತ್ತವರ ಎತ್ತರದಷ್ಟೇ ಉದ್ದದ ಬತ್ತಿ, ಮೂರು ದಿನ ಉರಿಯಬೇಕು. ಅರ್ಗಿರೋಗಂತೂ ನೂಲಿಗೆ ಬರವಿರಲಿಲ್ಲ. ಐವತ್ತು ವರ್ಷ ಇದೇ ಕೋಣೆಯಲ್ಲಿ ನೂತು, ಇದೇ ಮಗ್ಗದಲ್ಲಿ ನೇಯ್ದವಳು. ಉಂಡೆ ಅವಳ ಕೈಯದ್ದೇ.

*

ಸ್ಟಮಾಟಿಸ್ ಲೆಮೊನಿಯಾಳ ಅಪ್ಪ. ಸಾಣೆಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ಅವಳಿಗೆ ಐದು ವರ್ಷವಿದ್ದಾಗ, ಒಂದು ಬೆಳಗ್ಗೆ ಎದ್ದು ನೋಡಿದರೆ ಗೂಟದಲ್ಲಿ ಅವನ ಕೋಟು ಇರಲಿಲ್ಲ. ಅಮ್ಮ ಹಾಸಿಗೆಯಲ್ಲಿ ಮಲಗೇ ಇದ್ದಳು, ಕಣ್ಣು ಬಿಟ್ಟುಕೊಂಡು ಮಾಡಿನ ತೊಲೆ ನೋಡುತ್ತಾ. ಅಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ, ಮೆಲ್ಬರ್ನ್ ಎಂಬ ಊರಿಗೆ ಹೋದ, ನಾನು ನಿದ್ದೆಯಲ್ಲಿದ್ದೆ, ನೋಡಲಿಲ್ಲ ಎಂದಳು. ಮತ್ತೆ ಎದ್ದು ಆಡಿನ ಹಾಲು ಕರೆಯಲು ಹೋದಳು.

ನಾಕ್ಸೋಸ್ ದ್ವೀಪದಲ್ಲಿ ಇಂಥದ್ದು ನಡೆದರೆ ಊರಿನವರು ಹೆಸರು ಹುಡುಕುತ್ತಾ ಕೂರಬೇಕಿಲ್ಲ. ಮೂರು ಸಾವಿರ ವರ್ಷದಿಂದ ಹೆಸರು ತಯಾರಾಗಿಯೇ ಇದೆ. ಕ್ರೀಟಿನ ರಾಜಕುಮಾರಿ ಅರಿಯಾದ್ನಿ ನೂಲಿನ ಉಂಡೆ ಕೊಟ್ಟು, ಥೀಸಿಯಸ್ ಎಂಬ ಅಥೆನ್ಸಿನ ಹುಡುಗನನ್ನು ಚಕ್ರವ್ಯೂಹದಿಂದ ಉಳಿಸಿದಳು. ತಂದೆಯ ಮನೆ ಬಿಟ್ಟು ಅವನ ಹಡಗು ಹತ್ತಿದಳು. ಅವನು ಅವಳನ್ನು ಇದೇ ದ್ವೀಪದ ದಡದಲ್ಲಿ ಮಲಗಿಸಿ, ನಿದ್ದೆಯಲ್ಲಿರುವಾಗಲೇ ಹಾಯಿ ಬಿಚ್ಚಿ ಹೊರಟುಹೋದ. ಬಂದರಿನಲ್ಲಿ ಇಳಿಯುವ ಪ್ರವಾಸಿಗರಿಗೆ ಮೊದಲು ಹೇಳುವ ಕತೆ ಇದು. ವೊರಿನಿಯ ಬಾಯಿಗಳಿಗೆ ಅಷ್ಟು ಸಾಕಾಯಿತು. ಅರ್ಗಿರೋ ನೀರಿಗೆ ಹೋದರೆ ಅರಿಯಾದ್ನಿ ಬಂದಳು, ಮಗಳು ಶಾಲೆಗೆ ಹೋದರೆ ಅರಿಯಾದ್ನಿಯ ಮಗಳು ಬಂದಳು. ಲೆಮೊನಿಯಾ ಆ ಹೆಸರನ್ನು ಕೇಳಿ ಕೇಳಿ, ಅದನ್ನು ತಂದುಕೊಟ್ಟ ಅಪ್ಪನನ್ನು ಹಲ್ಲು ಕಚ್ಚಿ ದ್ವೇಷಿಸಿದಳು. ಈಸ್ಟರಿಗೆ ಅವನಿಂದ ಬರುವ ಕಾರ್ಡನ್ನು ಮುಟ್ಟುತ್ತಿರಲಿಲ್ಲ. ಅಮ್ಮ ಓದಿ, ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದಳು.

ಐವತ್ತು ದಾಟಿದ ಮೇಲೆ ಅರ್ಗಿರೋ ಬರೆಯಲು ಕೂತಳು. ಓದಿದ್ದು ಆರನೇ ತರಗತಿ. ಶಾಲೆಯ ನೀಲಿ ನೋಟುಪುಸ್ತಕಗಳಲ್ಲಿ, ಮಗ್ಗದ ಮೇಲೇ ಇಟ್ಟುಕೊಂಡು, ಚಳಿಗಾಲಕ್ಕೆ ಎರಡರಂತೆ ತುಂಬಿಸಿದಳು. ಅರಿಯಾದ್ನಿಯ ಕತೆ, ಆದರೆ ಅರಿಯಾದ್ನಿಯ ಬಾಯಲ್ಲಿ. ಇಡೀ ಕಾದಂಬರಿ. ನೇಯಲು ಬಂದ ಹೆಂಗಸರಿಗೆ ಓದಿ ಹೇಳುವಳು. ಹೆಂಗಸರು ಸುಮ್ಮನಿರುತ್ತಾರೆಯೇ? ಅಥೆನ್ಸಿನ ರಾಜಕುಮಾರನಿಗೆ ಚಪ್ಪಲಿ ದಾರ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ ಎಂದು ಸೇರಿಸು ಎಂದವಳು ಸೆವಸ್ತಿ, ಅರ್ಗಿರೋ ಸೇರಿಸಿದಳು. ಕೊನೆಗೆ ನೇಕಾರ ಹೆಂಗಸರ ಸಂಘವೇ ಅದನ್ನು ಅಥೆನ್ಸಿನ ಒಂದು ಹಳೆಯ ಅಚ್ಚುಕೂಟಕ್ಕೆ ಕೊಟ್ಟು ‘ದಡದ ಬೆಳಗು’ ಎಂದು ಪುಸ್ತಕ ಮಾಡಿಸಿತು. ಹಾಳೆಗಳನ್ನು ಮಡಚಿ ಹೊಲಿದು, ಅಂಚು ಕತ್ತರಿಸದೆ ಹಾಗೇ ಕಳಿಸುವ ಅಚ್ಚುಕೂಟ ಅದು. ಓದುವವರು ಚಾಕು ತೆಗೆದುಕೊಂಡು ಒಂದೊಂದೇ ಮಡಿಕೆ ಕೊಯ್ದು ಓದಬೇಕು. ಆ ವರ್ಷ ವೊರಿನಿಯಲ್ಲಿ ಈರುಳ್ಳಿ ಹೆಚ್ಚುವ ಚಾಕುಗಳೆಲ್ಲ ಪುಸ್ತಕ ಕೊಯ್ದವು.

ಮೊದಲ ಪ್ರತಿಯನ್ನು ಅರ್ಗಿರೋ ಮಗಳ ಬೇಕರಿಗೆ ತಂದುಕೊಟ್ಟಳು. ಲೆಮೊನಿಯಾ ಹಿಟ್ಟಿನ ಕೈ ಒರೆಸಿಕೊಂಡು ತೆಗೆದುಕೊಂಡಳು, ಮುತ್ತಿಟ್ಟಳು, ಹಿಂದಿನ ಕೋಣೆಯ ಗೂಡಿನಲ್ಲಿಟ್ಟಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅವಳಿಗೆ ಅದಕ್ಕಿಂತ ದೊಡ್ಡ ಕಾರಣವಿತ್ತು: ಊರೆಲ್ಲ ಆಡಿಕೊಂಡ ಹೆಸರನ್ನು ಅಮ್ಮ ತಾನೇ ಎತ್ತಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಳು.

ಮುಂದಿನ ಶನಿವಾರ ಬ್ರೆಡ್ಡಿಗೆ ಬಂದ ಅಮ್ಮ ಕೇಳಿದಳು.

“ಓದಿದ್ಯಾ?”

“ಓದ್ದೆ ಅಮ್ಮ. ಚೆನ್ನಾಗಿ ಬರ್ದಿದ್ದೀಯ.”

“ಬೇಜಾರಾಗ್ಲಿಲ್ವಾ?”

“ಯಾಕಾಗ್ಬೇಕು?”

ಅರ್ಗಿರೋ ಮಗಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಅಂದು ಅವಳು ಇಳಿಜಾರಿನಲ್ಲಿ ಹುಡುಗಿಯ ಹಾಗೆ ಇಳಿದುಹೋದದ್ದು ಲೆಮೊನಿಯಾಗೆ ಇವತ್ತಿಗೂ ನೆನಪಿದೆ. ಒಂದು ಪುಸ್ತಕ ಹೊಗಳಿದ್ದಕ್ಕೆ ಇಷ್ಟು ಸಂತೋಷವೇ ಅಂದುಕೊಂಡಿದ್ದಳು. ಅದಾಗಿ ಕೆಲವು ವಾರಗಳ ಮೇಲೆ ಅಮ್ಮ ಆ ಪುಸ್ತಕದ ಮಾತು ಎತ್ತುವುದನ್ನೇ ಬಿಟ್ಟಳು. ಸಾಯುವವರೆಗೂ, ಹನ್ನೊಂದು ವರ್ಷ, ಮತ್ತೆ ಎತ್ತಲಿಲ್ಲ.

*

ಗಾಳಿ ಹರಕೆಗೆ ಕಿವಿಗೊಡಲಿಲ್ಲ. ಹನ್ನೆರಡೂವರೆಯ ಬಸ್ಸಿನಿಂದ ಸ್ಟಮಾಟಿಸ್ ಇಳಿದ. ಎಪ್ಪತ್ತನಾಲ್ಕು ವರ್ಷದ ಬಡಕಲು ಮುದುಕ, ದೊಗಲೆ ಕಪ್ಪು ಸೂಟು, ಕೈಯಲ್ಲಿ ಸಣ್ಣದೊಂದು ಚೀಲ. ಮೆಲ್ಬರ್ನಿನಿಂದ ಮರಳಿ ಆರು ವರ್ಷವಾಗಿತ್ತು. ಅಥೆನ್ಸಿನ ಬಂದರು ಪಿರೇಯಸ್ಸಿನಲ್ಲಿ ತಂಗಿಯ ಮನೆಯಲ್ಲಿದ್ದವನು ಇಷ್ಟು ಹತ್ತಿರದ ದ್ವೀಪಕ್ಕೆ ಒಮ್ಮೆಯೂ ಬಂದಿರಲಿಲ್ಲ. ದಾರಿ ಕೇಳದೆ ನೇರ ಮನೆಗೆ ಬಂದ. ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಟೋಪಿ ತೆಗೆದು ನಿಂತುಕೊಂಡ. ಹೊಸ್ತಿಲಲ್ಲಿ ಮಗಳು ಅಡ್ಡ ನಿಂತಿದ್ದಳು.

“ಅಲ್ಲೇ ನಿಂತ್ಕೊಳ್ಳಿ,” ಎಂದಳು.

ಅವನು ಅಲ್ಲೇ ನಿಂತ.

“ಚರ್ಚಿಗೆ ಬನ್ನಿ, ಬೇಡ ಅನ್ನಲ್ಲ. ದೇವರ ಮನೆ ಎಲ್ಲರದು. ಈ ಮನೆ ಅಮ್ಮಂದು. ಮಲಗಿದ್ದೋಳನ್ನ ಹೇಳದೆ ಕೇಳದೆ ಬಿಟ್ಟುಹೋದ್ರಿ. ಈಗ್ಲೂ ಮಲಗಿದ್ದಾಳೆ. ಹಾಗೇ ಹೋಗ್ಬಹುದು.”

ಈ ಮಾತನ್ನು ಲೆಮೊನಿಯಾ ನಲವತ್ತೆರಡು ವರ್ಷ ಬಾಯಲ್ಲಿ ತಿರುವಿ ತಿರುವಿ ನಯ ಮಾಡಿಟ್ಟುಕೊಂಡಿದ್ದಳು. ಆಡಿ ಮುಗಿಸಿದಾಗ ಹಗುರಾಗಬೇಕಿತ್ತು, ಆಗಲಿಲ್ಲ. ಮುದುಕ ಟೋಪಿಯ ಅಂಚು ತಿರುಗಿಸುತ್ತಾ ಅವಳ ಹೆಗಲ ಮೇಲಿಂದ ಒಳಗಿನ ಮಗ್ಗವನ್ನು ನೋಡುತ್ತಿದ್ದ. ಒಳಗೆ ಕೂತ ಹೆಂಗಸರು ಅವನನ್ನು ಬೈಯುತ್ತಾರೆ ಎಂದು ಅವಳು ಕಾದಳು. ಅವರು ನೋಡುತ್ತಿದ್ದದ್ದು ಅವಳನ್ನು.

ಸೆವಸ್ತಿ ಕೋಲೂರಿಕೊಂಡು ಎದ್ದು ಬಂದಳು.

“ಲೆಮೊನಿಯಾ, ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ. ನಿಮ್ಮಮ್ಮನ ಪುಸ್ತಕ ಓದಿದ್ದೀಯಾ?”

“ಅದಕ್ಕೂ ಇದಕ್ಕೂ ಏನು?”

“ಓದಿದ್ದೀಯಾ?”

ಲೆಮೊನಿಯಾ ಇಲ್ಲವೆಂದು ತಲೆಯಾಡಿಸಿದಳು. ಸೆವಸ್ತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಳಗೆ ಯಾರೋ ಶಿಲುಬೆಯ ಗುರುತು ಮಾಡಿಕೊಂಡರು.

“ಅಯ್ಯೋ ಮಗಳೇ. ನಾವೆಲ್ಲ ಏನಂದ್ಕೊಂಡಿದ್ವಿ ಗೊತ್ತಾ? ನೀನು ಓದಿ, ಅಮ್ಮನ ಮೇಲೆ ಕೋಪ ಮಾಡ್ಕೊಂಡು, ಬಾಯಿ ಮುಚ್ಕೊಂಡಿದ್ದೀಯ ಅಂತ. ನಿಮ್ಮ ನಿಮ್ಮ ಮನೆ ಮಾತು ಅಂತ ನಾವೂ ಬಾಯಿ ಮುಚ್ಕೊಂಡ್ವಿ. ಹೋಗು. ಈಗ್ಲೇ ಹೋಗಿ ಓದ್ಕೊಂಡು ಬಾ. ಪಾದ್ರಿ ಬರೋದು ಮೂರು ಗಂಟೆಗೆ.”

ಆಡಿದ ಮಾತಿಗೆಲ್ಲ ಬಾಯಿ ಹಾಕುವ ಊರು ಅದು. ಒಂದೇ ಒಂದು ವಿಷಯದಲ್ಲಿ, ಅದೂ ತಪ್ಪು ತಿಳಿದುಕೊಂಡು, ಹನ್ನೊಂದು ವರ್ಷ ಮರ್ಯಾದೆ ಕಾಪಾಡಿಕೊಂಡು ಬಂದಿತ್ತು.

*

ಬೇಕರಿ ಮುಚ್ಚಿತ್ತು. ಹಿಂದಿನ ಕೋಣೆಯ ಗೂಡಿನಲ್ಲಿ, ಸಕ್ಕರೆ ಡಬ್ಬಿಗೂ ಗೋಡೆಗೂ ನಡುವೆ ‘ದಡದ ಬೆಳಗು’ ಹಾಗೇ ನಿಂತಿತ್ತು. ಅದರ ಮೇಲೆ ಧೂಳಿರಲಿಲ್ಲ. ಪ್ರತಿ ಶನಿವಾರ ಬಂದಾಗ ಆ ಗೂಡು ಒರೆಸುತ್ತಿದ್ದವಳು ಅಮ್ಮನೇ. ಅದು ಹೊಳೆದ ಕೂಡಲೇ ಲೆಮೊನಿಯಾ ಪುಸ್ತಕ ತಿರುಗಿಸಿ ಅಂಚು ನೋಡಿದಳು. ಮಡಿಕೆಗಳು ಮುಚ್ಚಿಕೊಂಡೇ ಇದ್ದವು. ಓದಿದೆ ಎಂದ ಮಗಳ ಪುಸ್ತಕ ಕೊಯ್ದೇ ಇಲ್ಲ ಎಂಬುದು ಒರೆಸುವವಳಿಗೆ ಯಾವತ್ತೋ ಗೊತ್ತಾಗಿತ್ತು.

ಒಂದು ಮಡಿಕೆ ಮಾತ್ರ ತೆರೆದಿತ್ತು.

ಮೊದಲಿನಿಂದ ಮೂರನೆಯದು. ಕೊಯ್ದ ಅಂಚು ಒಂದಿಷ್ಟೂ ಹಿಂಜಿರಲಿಲ್ಲ. ಮಗ್ಗದ ಹೊಕ್ಕುನೂಲು ಕತ್ತರಿಸುವ ಸಣ್ಣ ಚಾಕುವಿನ ಕೊಯ್ತ. ಆ ಚಾಕು ಅಮ್ಮನ ಏಪ್ರನ್ ಜೇಬಿನಲ್ಲಿ ಸದಾ ಇರುತ್ತಿತ್ತು. ಬಾಯಿ ಬಿಟ್ಟು ಕೇಳದೆ, ಬೈಯದೆ, ಅಷ್ಟನ್ನೇ ಬಿಡಿಸಿಟ್ಟು ಹೋಗಿದ್ದಳು. ಪುಸ್ತಕ ಕೈಯಿಂದ ಜಾರಿ ಬಿದ್ದಿದ್ದರೂ ಆ ಪುಟಕ್ಕೇ ತೆರೆದುಕೊಳ್ಳುತ್ತಿತ್ತು. ಹನ್ನೊಂದು ವರ್ಷದಲ್ಲಿ ಅದು ಜಾರಿಯೂ ಬೀಳಲಿಲ್ಲ. ಲೆಮೊನಿಯಾ ಹಿಟ್ಟಿನ ಮೂಟೆಯ ಮೇಲೆ ಕೂತು ಓದಿದಳು.

‘ಅವನು ನನ್ನನ್ನು ಮೂರು ಸಲ ಕರೆದ. ಮೊದಲ ಸಲ ಹೆಂಡತಿಯನ್ನು ಕರೆಯುವ ಹಾಗೆ. ಎರಡನೆಯ ಸಲ ಮಗುವನ್ನು ಎಬ್ಬಿಸುವ ಹಾಗೆ. ಮೂರನೆಯ ಸಲ, ಎದ್ದುಬಿಟ್ಟಾಳೇನೋ ಎಂದು ಹೆದರಿದವನ ಹಾಗೆ. ನಾನು ಕಣ್ಣು ತೆರೆಯಲಿಲ್ಲ. ಒಂದು ಮನೆ ಬಿಟ್ಟು ಬಂದವಳು ನಾನು, ಇನ್ನೊಂದನ್ನು ಬಿಡಲಾರೆ. ಗುರುತಿಲ್ಲದ ಊರಿನಲ್ಲಿ, ಬಾರದ ಭಾಷೆಯಲ್ಲಿ, ಕುಡಿಯಲು ನೀರು ಕೇಳುತ್ತಾ ನಿಲ್ಲಲಾರೆ. ಹೋಗುವುದಿಲ್ಲ ಎಂದು ಅವನ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ನಿದ್ದೆ ಮಾಡುವ ಧೈರ್ಯ ಇತ್ತು. ಹಡಗು ತಿರುಗಿದ ಸದ್ದು ಕೇಳಿದ ಮೇಲೆ ಕಣ್ಣು ಬಿಟ್ಟೆ. ಬೆಳಗಾಗಿತ್ತು, ಮರಳು ಇನ್ನೂ ತಣ್ಣಗಿತ್ತು, ನನ್ನ ಪಕ್ಕದಲ್ಲಿ ಮಗಳು ಮಲಗಿದ್ದಳು. ಅವನು ನನ್ನನ್ನು ಬಿಟ್ಟುಹೋದ ಎಂದು ಕವಿಗಳು ಹಾಡುತ್ತಾರೆ. ಹಾಡಲಿ, ಅದರಿಂದ ನನಗೆ ಅನ್ನ ಹುಟ್ಟಿದೆ, ಮರುಕ ಹುಟ್ಟಿದೆ. ಮಗಳಿಗೊಬ್ಬಳಿಗೆ ನಿಜ ಹೇಳಬೇಕು. ಪ್ರತಿದಿನ ನಾಳೆ ಹೇಳುತ್ತೇನೆ ಎಂದುಕೊಂಡೆ. ನನ್ನನ್ನೂ ಬೈಯುವ ಹಕ್ಕು ಅವಳಿಗಿದೆ. ಅದನ್ನು ಅವಳಿಂದ ಕದ್ದಿಟ್ಟುಕೊಂಡೆ.’

ಅರಿಯಾದ್ನಿಗೆ ಆ ದಡದಲ್ಲಿ ಮಗಳಿದ್ದಳೆಂದು ಯಾವ ಪುರಾಣವೂ ಹೇಳುವುದಿಲ್ಲ. ಆ ಮಗುವನ್ನು ಅಲ್ಲಿ ತಂದು ಮಲಗಿಸಿದವಳು ಅರ್ಗಿರೋ. ಲೆಮೊನಿಯಾ ಆ ಎರಡು ಪುಟಗಳನ್ನು ಇನ್ನೊಮ್ಮೆ ಓದಿದಳು. ಆಮೇಲೆ ಅತ್ತಳು. ಬೆಳಗಿನಿಂದ ಹೆಂಗಸರು ಅಳಿಸಲು ನೋಡಿ ಸೋತಿದ್ದರು. ಈಗ ಹಿಟ್ಟಿನ ಮೂಟೆಗಳ ನಡುವೆ ಒಬ್ಬಳೇ ಕೂತು, ಬಾಯಿಗೆ ಏಪ್ರನ್ ತುರುಕಿಕೊಂಡು ಅತ್ತಳು. ಅಮ್ಮ ಸತ್ತದ್ದಕ್ಕೆ ಅತ್ತಳೋ, ‘ಓದ್ದೆ ಅಮ್ಮ’ ಎಂದದ್ದಕ್ಕೆ ಅತ್ತಳೋ, ಅವಳಿಗೇ ತಿಳಿಯಲಿಲ್ಲ.

*

ಅವಳು ಮರಳಿದಾಗ ಸ್ಟಮಾಟಿಸ್ ಇನ್ನೂ ಮರದ ಕೆಳಗೇ ಇದ್ದ. ಯಾರೋ ಕುರ್ಚಿ ಕೊಟ್ಟಿದ್ದರು, ಕೂತಿರಲಿಲ್ಲ. ಕೈಯಲ್ಲಿದ್ದ ಬ್ರಾಂದಿಯ ಲೋಟವನ್ನೂ ಮುಟ್ಟಿರಲಿಲ್ಲ. ಲೆಮೊನಿಯಾ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಎದುರಿಗೆ ನಿಂತಳು.

“ಮೂರು ಸಲ ಕರೆದ್ರಂತೆ.”

ಅವನು ತಲೆ ಆಡಿಸಿದ. “ಟಿಕೆಟ್ ಮೂವರಿಗೂ ತಂದಿದ್ದೆ. ನಿನ್ನ ಹೆಸರಲ್ಲೂ ಒಂದಿತ್ತು. ಹಿಂದಿನ ದಿನದವರೆಗೂ ಬರ್ತೀನಿ ಅಂತಾನೇ ಅಂದಿದ್ಲು.”

“ಅಲುಗಾಡಿಸಿ ಎಬ್ಬಿಸಬಾರದಿತ್ತಾ? ಕೂಗಬಾರದಿತ್ತಾ? ನಾನು ಪಕ್ಕದಲ್ಲೇ ಇದ್ನಲ್ಲ.”

ಮುದುಕ ಲೋಟದೊಳಗೆ ನೋಡಿದ.

“ಎಚ್ಚರ ಇದ್ದಾಳೆ ಅಂತ ನಂಗೆ ಗೊತ್ತಿತ್ತು. ರೆಪ್ಪೆ ಅದುರ್ತಾ ಇತ್ತು. ಅದಕ್ಕೇ ಮೆತ್ತಗೆ ಕರೆದೆ.”

ಸೆವಸ್ತಿ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡಳು. ಮಲಗಿದವರನ್ನು ಎಬ್ಬಿಸಬಹುದು, ಮಲಗಿದ ಹಾಗೆ ನಟಿಸುವವರನ್ನು ಎಬ್ಬಿಸುವುದಕ್ಕಾಗುತ್ತದೆಯೇ ಎಂದು ಯಾರಿಗೂ ಅಲ್ಲದ ಹಾಗೆ ಗೊಣಗಿದಳು. ಮತ್ತೆ, ಮೇಣ ಕರಗಿದೆ, ಕಾಯಿಸಿ ಕಾಯಿಸಿ ಕೆಡುತ್ತದೆ ಎಂದಳು.

ಲೆಮೊನಿಯಾಗೆ ಸಿಟ್ಟು ಹೋಗಿರಲಿಲ್ಲ. ನಿಲ್ಲಲು ಅದಕ್ಕೊಂದು ಜಾಗ ಇಲ್ಲವಾಗಿತ್ತು, ಅಷ್ಟೇ. ಇವನು ಮೆತ್ತಗೆ ಕರೆದ, ಅವಳು ಕೇಳದ ಹಾಗೆ ಮಲಗಿದಳು, ತಾನು ಓದಿದೆ ಎಂದಳು. ಮೂವರೂ ಒಂದೇ ಮನೆಯವರು ಎನ್ನುವುದರಲ್ಲಿ ಸಂಶಯವಿರಲಿಲ್ಲ. ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಸ್ಟಮಾಟಿಸ್ ಒಳಗೆ ಬಂದು ಕಾಲಿನ ಕಡೆ ಮಂಡಿಯೂರಿದ. ಮಗಳು ನೆತ್ತಿಗೆ ತುದಿ ಒತ್ತಿ ಹಿಡಿದು ಉಂಡೆಯನ್ನು ಉರುಳಿಸಿದಳು. ಮಂಡಿಯ ಹತ್ತಿರ ನಿಂತ ಉಂಡೆಯನ್ನು ಅವನು ಎತ್ತಿಕೊಂಡು, ನೂಲು ಬಿಗಿ ಮಾಡಿ, ಹಿಮ್ಮಡಿಗೆ ಮುಟ್ಟಿಸಿದ. ಗಣಿಯ ಕಲ್ಲು ಕಡಿದ ಬೆರಳುಗಳು ಆ ಬಿಳಿ ನೂಲನ್ನು ಎಳೆದು ಹಿಡಿದಿದ್ದವು. ಆ ಎಳೆತ ಇನ್ನೊಂದು ತುದಿ ಹಿಡಿದವಳ ಬೆರಳಿಗೂ ತಿಳಿಯುತ್ತಿತ್ತು.

“ಇಷ್ಟೇನಾ?” ಎಂದ ಅವನು. “ಇನ್ನೂ ಎತ್ತರ ಇದ್ಲಲ್ಲ.”

“ಮುಪ್ಪಾಯ್ತು,” ಎಂದಳು ಲೆಮೊನಿಯಾ. “ಮಗ್ಗದ ಮೇಲೆ ಬಗ್ಗಿ ಬಗ್ಗಿ.”

ಸೆವಸ್ತಿ ಕತ್ತರಿ ಹಾಕಿದಳು.

*

ಮೂರು ಗಂಟೆಗೆ ಪಾದ್ರಿ ಬಂದರು. ಗಾಳಿಗೆ ಅವರ ಗಡ್ಡ ಹೆಗಲ ಮೇಲೆ ಹೋಗುತ್ತಿತ್ತು. ಚರ್ಚಿನಲ್ಲಿ ಕೊನೆಯ ಮುತ್ತು ಕೊಡುವಾಗ ಸ್ಟಮಾಟಿಸ್ ಎಲ್ಲರಿಗಿಂತ ಕೊನೆಯಲ್ಲಿ ನಿಂತ. ಗುಂಡಿಯ ಹತ್ತಿರ ಎಣ್ಣೆ, ವೈನು ಸುರಿದು, ಹಿಡಿ ಹಿಡಿ ಮಣ್ಣು ಹಾಕಿ, ಈ ಮಣ್ಣು ನಿನಗೆ ಹಗುರವಾಗಲಿ ಎಂದು ಎಲ್ಲರೂ ಹೇಳಿದರು. ಮನೆಗೆ ಬಂದು ಮೀನಿನ ಸಾರು ಕುಡಿದು, ಅವಳ ಕತೆಯಲ್ಲಿ ಚಪ್ಪಲಿ ದಾರ ಕಟ್ಟಿಕೊಳ್ಳಲು ಬಾರದ ರಾಜಕುಮಾರನನ್ನು ನೆನೆಸಿಕೊಂಡು ಹೆಂಗಸರು ಸ್ವಲ್ಪ ನಕ್ಕರು. ನಿಮಗೆ ಆಯುಷ್ಯವಾಗಲಿ ಎಂದು ಹರಸಿ ಒಬ್ಬೊಬ್ಬರೇ ಎದ್ದುಹೋದರು.

ಸಂಜೆಯ ಹಡಗು ಗಾಳಿಗೆ ನಿಂತುಹೋಯಿತು ಎಂದು ಸುದ್ದಿ ಬಂತು. ಹೋಗಿ ಎಂದು ಯಾರೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಸ್ಟಮಾಟಿಸ್ ಮಗ್ಗದ ಪಕ್ಕದ ಬೆಂಚಿನ ಮೇಲೆ ಕೋಟು ಹೊದ್ದು ಮಲಗಿದ. ಹೆಣವಿದ್ದ ಜಾಗದಲ್ಲಿ ಮೇಣದ ಸುರುಳಿ, ತಟ್ಟೆಯಲ್ಲಿ, ಹೊರಸುತ್ತಿನಿಂದ ಉರಿಯತೊಡಗಿತ್ತು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಲೆಮೊನಿಯಾ ಬೇಕರಿಯಿಂದ ತಂದ ಬ್ರೆಡ್ ಕೊಯ್ಯುವ ಚಾಕು ತೆಗೆದು, ಪುಸ್ತಕದ ಮೊದಲ ಮಡಿಕೆ ಕೊಯ್ದಳು.

“ಜೋರಾಗಿ ಓದು,” ಎಂದಳು ಸೆವಸ್ತಿ. “ನನ್ನ ಕಿವಿ ಮಂದ.”

ಲೆಮೊನಿಯಾ ಓದಿದಳು. ಚಾಕುವಿನ ಹಲ್ಲಿಗೆ ಕಾಗದ ಹಿಂಜಿ, ಕಪ್ಪು ಲಂಗದ ಮೇಲೆಲ್ಲ ಬಿಳಿಯ ಚೂರು ಉದುರಿತು. ಎರಡನೆಯ ಮಡಿಕೆ ಮುಗಿಯುವಷ್ಟರಲ್ಲಿ ಸೆವಸ್ತಿಯ ಗಲ್ಲ ಎದೆಗೆ ತಾಗಿತ್ತು, ಸಣ್ಣಗೆ ಗೊರಕೆ. ಮೂರನೆಯದಕ್ಕೆ ಚಾಕು ಬೇಕಿರಲಿಲ್ಲ. ಅವಳು ಚಾಕು ಕೆಳಗಿಟ್ಟು ದನಿ ತಗ್ಗಿಸದೆ ಓದಿದಳು. ಮೊದಲ ಸಲ ಹೆಂಡತಿಯನ್ನು ಕರೆಯುವ ಹಾಗೆ. ಎರಡನೆಯ ಸಲ ಮಗುವನ್ನು ಎಬ್ಬಿಸುವ ಹಾಗೆ. ಅಲ್ಲಿ ನಿಲ್ಲಿಸಿ ತಲೆ ಎತ್ತಿದಳು.

ಬೆಂಚಿನ ಮೇಲೆ ಮುದುಕ ಅಂಗಾತ ಮಲಗಿದ್ದ. ಕೈ ಎದೆಯ ಮೇಲೆ, ಕಣ್ಣು ಮುಚ್ಚಿತ್ತು.

“ಅಪ್ಪಾ,” ಎಂದಳು ಲೆಮೊನಿಯಾ, ಮೆತ್ತಗೆ.

ಅವನು ಅಲುಗಲಿಲ್ಲ. ಬತ್ತಿಯ ಬೆಳಕಿನಲ್ಲಿ ಅವನ ರೆಪ್ಪೆ ಅದುರುತ್ತಿತ್ತು. ಲೆಮೊನಿಯಾ ಕುರ್ಚಿಯನ್ನು ಬೆಂಚಿನ ಹತ್ತಿರಕ್ಕೆ ಎಳೆದುಕೊಂಡು, ಪುಟದ ಉಳಿದದ್ದನ್ನು ಓದಿ ಮುಗಿಸಿ, ಚಾಕು ಎತ್ತಿಕೊಂಡು ಮುಂದಿನ ಮಡಿಕೆ ಕೊಯ್ದಳು.